ಬೀಜಾಣು ಮೊಳೆಯುವ ಹೊತ್ತು: ಶ್ವಾಸಕೋಶ ಮತ್ತು ಗಾಳಿಯ ಶಿಲೀಂಧ್ರಗಳು

ಶಿಲೀಂಧ್ರದ ಬೀಜಾಣುಗಳು ಬೆರೆಯದ ಗಾಳಿ ಜನವಸತಿಯ ಯಾವ ಊರಿನಲ್ಲೂ ಸಿಗುವುದಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟ್‌ನಂಥ ಕಿಕ್ಕಿರಿದ ಪೇಟೆಯಲ್ಲಿ ಅವು ಹುಟ್ಟಿಕೊಳ್ಳಲು ಅನುಕೂಲವಾದ ಜಾಗಗಳೂ ಹೆಚ್ಚು. ಮಳೆಗಾಲದಲ್ಲಿ ತೇವ ಹಿಡಿಯುವ ಗೋದಾಮುಗಳು, ಅಲ್ಲಿ ಪೇರಿಸಿಟ್ಟ ಬಟ್ಟೆಯ ಥಾನುಗಳು ಮತ್ತು ರಟ್ಟಿನ ಪೆಟ್ಟಿಗೆಗಳು, ಸಮೀಪದ ರಸೆಲ್ ಮಾರುಕಟ್ಟೆಯಲ್ಲಿ ದಿನದ ವ್ಯಾಪಾರ ಮುಗಿದ ಮೇಲೆ ಉಳಿದು ಕೊಳೆಯುವ ಹಣ್ಣು ತರಕಾರಿ, ರಸ್ತೆ ಮತ್ತು ಮೆಟ್ರೊ ಕಾಮಗಾರಿಗೆಂದು ಅಗೆದು ಹಾಕಿದ ಮಣ್ಣು, ಇವೆಲ್ಲವೂ ಬೂಷ್ಟಿನ ನೆಲೆಗಳೇ. ವಯಸ್ಕರೊಬ್ಬರು ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತಾರೆ. ಆ ಗಾಳಿಯೊಡನೆ ಆಸ್ಪರ್ಜಿಲಸ್ ಎಂಬ ಒಂದೇ ಕುಲದ ನೂರಾರು ಬೀಜಾಣುಗಳು ದಿನವೂ ಒಳಸೇರುತ್ತವೆಯೆಂಬುದು ವಿಜ್ಞಾನಿಗಳ ಅಂದಾಜು. ಆದರೂ ಇಡೀ ಆಯುಷ್ಯವನ್ನು ಈ ಬೀದಿಯ ಅಂಗಡಿಗಳಲ್ಲೇ ಕಳೆದವರಲ್ಲಿ ಬಹುತೇಕರು ಶಿಲೀಂಧ್ರದ ಸೋಂಕು ಎಂದರೇನೆಂದು ಅರಿಯದೆಯೇ ಬಾಳುತ್ತಾರೆ.

ಇದೇ ಬೀದಿಗೆ ಹತ್ತಿರದಲ್ಲಿ, 1868ರಲ್ಲಿ ಆರಂಭವಾಗಿ ಅಂದಿನ ಮೈಸೂರಿನ ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರನ್ನು ಹೊತ್ತಿರುವ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ಕಾಣಿಸಿಕೊಂಡ ಮ್ಯೂಕರ್‌ಮೈಕೋಸಿಸ್, ಅಂದರೆ ಜನ ಕಪ್ಪು ಶಿಲೀಂಧ್ರವೆಂದು ಕರೆದ ಕಾಯಿಲೆಯ ಚಿಕಿತ್ಸೆಗೆ ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ಮೊದಲು ಅಣಿಗೊಳಿಸಿದ್ದು ಈ ಆಸ್ಪತ್ರೆಯನ್ನು. ಬೀದಿಯಲ್ಲಿ ನಡೆದಾಡುವವರೂ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರೂ ಉಸಿರಾಡುತ್ತಿದ್ದುದು ಹೆಚ್ಚುಕಡಿಮೆ ಒಂದೇ ಗಾಳಿಯನ್ನು. ಒಬ್ಬರಲ್ಲಿ ಗುರುತೂ ಇಲ್ಲದೆ ಅಳಿದುಹೋಗುವ ಬೀಜಾಣು ಇನ್ನೊಬ್ಬರಲ್ಲಿ ಕಣ್ಣು, ದವಡೆ, ಪ್ರಾಣವನ್ನೇ ಕಸಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಶಿಲೀಂಧ್ರದ ಸ್ವಭಾವದಲ್ಲಿ ಹುಡುಕುವುದಕ್ಕಿಂತ, ಅದನ್ನು ಎದುರಿಸುವ ದೇಹದ ಸಮಯಪ್ರಜ್ಞೆ ಮತ್ತು ಅಳತೆಯಲ್ಲಿ ಹುಡುಕಬೇಕೆಂಬುದು ಕಳೆದ ಕೆಲವು ದಶಕಗಳ ಸಂಶೋಧನೆ ತೋರಿಸಿಕೊಟ್ಟಿರುವ ಸಂಗತಿ.

ಗಾತ್ರವೇ ದಾರಿ ನಿರ್ಧರಿಸುತ್ತದೆ

ಉಸಿರಿನ ಹಾದಿಯಲ್ಲಿ ಒಂದು ಕಣ ಎಲ್ಲಿಯವರೆಗೆ ಸಾಗಬಲ್ಲದು ಎಂಬುದು ಮೊದಲಿಗೆ ಅದರ ಗಾತ್ರವನ್ನು ಅವಲಂಬಿಸಿದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಮೂಗಿನ ತಿರುವುಗಳಲ್ಲೇ ಅಂಟಿಕೊಳ್ಳುತ್ತವೆ. ಅವುಗಳಿಗಿಂತ ಚಿಕ್ಕವು ಶ್ವಾಸನಾಳಗಳ ಒಳಗೋಡೆಯ ಲೋಳೆಗೆ ಸಿಕ್ಕಿಬೀಳುತ್ತವೆ. ಅಲ್ಲಿನ ಜೀವಕೋಶಗಳ ಮೇಲಿರುವ ರೋಮಕಗಳೆಂಬ ಸೂಕ್ಷ್ಮ ಕೂದಲುಗಳು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತ ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ, ಅಲ್ಲಿಂದ ಅದು ಕೆಮ್ಮಿನಲ್ಲಿ ಹೊರಬೀಳುತ್ತದೆ ಇಲ್ಲವೇ ಹೊಟ್ಟೆ ಸೇರಿ ಜೀರ್ಣವಾಗುತ್ತದೆ. ಬೀಜಾಣುಗಳ ಬಹುಪಾಲಿನ ಕಥೆ ಇಲ್ಲಿಗೇ ಮುಗಿಯುತ್ತದೆ.

ಆದರೆ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿನ ಬೀಜಾಣುವಿನ ಅಡ್ಡಳತೆ ಎರಡರಿಂದ ಮೂರು ಮೈಕ್ರಾನ್ ಮಾತ್ರ. ಹಾಗಾಗಿ ಅದು ಈ ಎಲ್ಲ ತಡೆಗಳನ್ನೂ ದಾಟಿ, ಶ್ವಾಸನಾಳದ ಕವಲುಗಳು ಕೊನೆಗೊಳ್ಳುವಲ್ಲಿ ಗೊಂಚಲುಗೊಂಚಲಾಗಿರುವ ಗಾಳಿಗೂಡುಗಳನ್ನು ತಲುಪುತ್ತದೆ. ಎರಡೂ ಶ್ವಾಸಕೋಶಗಳಲ್ಲಿ ಒಟ್ಟು ಸುಮಾರು 48 ಕೋಟಿಯಷ್ಟಿರುವ ಈ ಗೂಡುಗಳ ಗೋಡೆ ಎಷ್ಟು ತೆಳುವೆಂದರೆ, ಗಾಳಿಯಲ್ಲಿನ ಆಮ್ಲಜನಕ ಅದನ್ನು ಸಲೀಸಾಗಿ ದಾಟಿ ಆಚೆ ಬದಿಯ ರಕ್ತವನ್ನು ಸೇರುತ್ತದೆ. ಇದಕ್ಕೆ ಹೋಲಿಸಿದರೆ ಮ್ಯೂಕರ್‌ಮೈಕೋಸಿಸ್‌ಗೆ ಮುಖ್ಯ ಕಾರಣವಾಗಿರುವ, ಹಳಸಿದ ಬ್ರೆಡ್ಡಿನ ಮೇಲೂ ಬೆಳೆಯುವ ರೈಜೋಪಸ್ ಕುಲದ ಬೀಜಾಣುಗಳು ದೊಡ್ಡವು, ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಮೈಕ್ರಾನ್. ಅವು ಶ್ವಾಸಕೋಶಕ್ಕೂ ಇಳಿಯಬಲ್ಲವಾದರೂ ಬಹಳಷ್ಟು ಮೂಗು ಮತ್ತು ಅದರ ಸುತ್ತಲಿನ ಸೈನಸ್ ಎಂಬ ಪೊಳ್ಳುಗಳಲ್ಲೇ ತಂಗುತ್ತವೆ. 2021ರ ರೋಗಿಗಳಲ್ಲಿ ಹೆಚ್ಚಿನವರ ಕಾಯಿಲೆ ಮೂಗಿನಲ್ಲಿ ಆರಂಭವಾಗಿ ಕಣ್ಣಿನತ್ತ ಹರಡಿದ್ದರ ಹಿಂದೆ ಈ ಗಾತ್ರದ ಪಾತ್ರವೂ ಇದೆ.

ಮಲಗಿದ ಬೀಜಾಣು, ಎದ್ದ ಬೀಜಾಣು

ಗಾಳಿಗೂಡು ಸೇರಿದ ಪ್ರತಿಯೊಂದು ಬೀಜಾಣುವಿನ ಮೇಲೂ ದೇಹ ಪೂರ್ಣಬಲದಿಂದ ಎರಗಿದರೆ, ಉರಿಯೂತದಿಂದ ಬಾತು ದ್ರವ ತುಂಬಿಕೊಂಡ ಗೂಡುಗಳಲ್ಲಿ ಆಮ್ಲಜನಕದ ವಿನಿಮಯವೇ ನಿಂತುಹೋದೀತು. ಬೀದಿಯಲ್ಲಿ ಹಾದುಹೋಗುವ ಪ್ರತಿಯೊಬ್ಬರನ್ನೂ ತಡೆದು ವಿಚಾರಿಸುವ ಅಂಗಡಿಯವನಿಗೆ ವ್ಯಾಪಾರಕ್ಕೆ ಹೊತ್ತು ಉಳಿಯದು. ಅವನು ಗಮನಿಸಬೇಕಾದುದು ಮೆಟ್ಟಿಲು ಹತ್ತಿ ಒಳಬಂದವರನ್ನು. ಶ್ವಾಸಕೋಶದ ರೋಗನಿರೋಧಕ ವ್ಯವಸ್ಥೆಯೂ ಇಂಥದೇ ಒಂದು ವಿವೇಚನೆಯನ್ನು ಪಾಲಿಸುತ್ತದೆ, ಮತ್ತು ಆ ವಿವೇಚನೆಗೆ ಬೇಕಾದ ಸುಳಿವು ಬೀಜಾಣುವಿನ ಮೈಮೇಲೆಯೇ ಇರುತ್ತದೆ.

ಒಣಗಿ ಸುಪ್ತವಾಗಿರುವ ಆಸ್ಪರ್ಜಿಲಸ್ ಬೀಜಾಣುವಿನ ಹೊರಮೈಯನ್ನು ನೀರು ಹತ್ತದ ಪ್ರೋಟೀನಿನ ಸಣ್ಣ ಸಣ್ಣ ಕಡ್ಡಿಗಳ ಪದರವೊಂದು ಮುಚ್ಚಿರುತ್ತದೆ. ಹೈಡ್ರೋಫೋಬಿನ್ ಎಂಬ ವರ್ಗಕ್ಕೆ ಸೇರಿದ ಈ ಪ್ರೋಟೀನು ಬೀಜಾಣು ಗಾಳಿಯಲ್ಲಿ ತೇಲಲು ನೆರವಾಗುವುದರ ಜೊತೆಗೆ ಅದನ್ನು ರೋಗನಿರೋಧಕ ಕೋಶಗಳಿಂದ ಮರೆಮಾಡುತ್ತದೆಯೆಂಬುದನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಷುಕುಮಾರ್ ಐಮನಿಯಂಡ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಪ್ರಯೋಗದಲ್ಲಿ ಈ ಪದರವನ್ನು ತೆಗೆದುಹಾಕಿದ ಬೀಜಾಣುಗಳು ಮಾತ್ರ ಕೋಶಗಳನ್ನು ಕೆರಳಿಸಿದವು, ಪದರವಿದ್ದವು ಕೆರಳಿಸಲಿಲ್ಲ. ಅದರ ಕೆಳಗೆ ಮೆಲನಿನ್ ಎಂಬ ವರ್ಣದ್ರವ್ಯದ ಪದರ, ಅದಕ್ಕೂ ಒಳಗೆ ಸಕ್ಕರೆಯ ಅಣುಗಳು ಸರಪಳಿಯಾಗಿ ಹೆಣೆದುಕೊಂಡ ಬೀಟಾ-ಗ್ಲೂಕಾನ್ ಎಂಬ ವಸ್ತುವಿನಿಂದಾದ ಕೋಶಭಿತ್ತಿ ಇರುತ್ತದೆ.

ದೇಹದ ಬಿಸಿ ಮತ್ತು ತೇವ ದೊರೆತ ಕೆಲವು ಗಂಟೆಗಳಲ್ಲಿ ಬೀಜಾಣು ನೀರು ಹೀರಿ ಊದಿಕೊಳ್ಳತೊಡಗುತ್ತದೆ. ಹೊರಪದರ ಬಿರಿದು ಉದುರುತ್ತದೆ, ಅಡಗಿದ್ದ ಬೀಟಾ-ಗ್ಲೂಕಾನ್ ಬಯಲಾಗುತ್ತದೆ. ಮನುಷ್ಯನ ಯಾವ ಜೀವಕೋಶವೂ ಬೀಟಾ-ಗ್ಲೂಕಾನನ್ನು ತಯಾರಿಸುವುದಿಲ್ಲವಾದ್ದರಿಂದ, ಅದು ಕಂಡಿತೆಂದರೆ ಹೊರಗಿನ ಜೀವಿಯೊಂದು ಬೆಳೆಯಲು ಹೊರಟಿದೆಯೆಂದೇ ಅರ್ಥ. ಈ ಸುಳಿವನ್ನು ಹಿಡಿಯುವ ಡೆಕ್ಟಿನ್-1 ಎಂಬ ಗ್ರಾಹಕ, ಅಂದರೆ ನಿರ್ದಿಷ್ಟ ಅಣುವೊಂದು ತಾಗಿದಾಗ ಕೋಶದೊಳಗೆ ಸಂಕೇತ ಕಳಿಸುವ ಪ್ರೋಟೀನು, ಭಕ್ಷಕ ಕೋಶಗಳ ಮೇಲಿದೆಯೆಂದು ಬ್ರಿಟನ್ನಿನ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ 2001ರಲ್ಲಿ ಪ್ರಕಟಿಸಿದರು. ಹೀಗೆ ದೇಹ ಸ್ಪಂದಿಸುವುದು ಬೀಜಾಣುವಿನ ಇರವಿಗಿಂತ ಹೆಚ್ಚಾಗಿ ಅದು ಮೊಳೆಯುವ ಹೊತ್ತಿಗೆ.

ನುಂಗುವವರು ಮತ್ತು ಸುತ್ತುವರಿಯುವವರು

ಕೋಶಗಳು ಪರಕೀಯ ಕಣಗಳನ್ನು ನುಂಗಿ ದೇಹವನ್ನು ಕಾಯುತ್ತವೆಯೆಂಬ ತಿಳಿವಳಿಕೆ ಗಟ್ಟಿಗೊಂಡದ್ದೇ ಶಿಲೀಂಧ್ರವೊಂದರ ಅಧ್ಯಯನದಿಂದ. ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1884ರಲ್ಲಿ, ಡ್ಯಾಫ್ನಿಯಾ ಎಂಬ ಪಾರದರ್ಶಕ ನೀರ್‌ಚಿಗಟದ ದೇಹವನ್ನು ಹೊಕ್ಕ ಯೀಸ್ಟಿನ ಸೂಜಿಯಂಥ ಬೀಜಾಣುಗಳನ್ನು ಅದರ ರಕ್ತಕೋಶಗಳು ಮುತ್ತಿ ಕರಗಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದರು; ಕೋಶಗಳು ಗೆದ್ದ ಪ್ರಾಣಿ ಬದುಕುತ್ತಿತ್ತು, ಸೋತದ್ದು ಸಾಯುತ್ತಿತ್ತು. ಇಂಥ ಕೋಶಗಳ ಕುರಿತ ಅವರ ಕೆಲಸಕ್ಕೆ 1908ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಮನುಷ್ಯನ ಗಾಳಿಗೂಡುಗಳಲ್ಲಿ ಈ ಕೆಲಸಕ್ಕೆ ಮೊದಲು ಮುಂದಾಗುವುದು ಅಲ್ಲೇ ನೆಲೆಸಿ ಗೋಡೆಯ ಮೇಲೆ ಹರಿದಾಡುತ್ತಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶ. ಗೂಡುಗಳನ್ನು ಕುಸಿಯದಂತೆ ಕಾಯುವ ಸಾಬೂನಿನಂಥ ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಬೀಜಾಣುವಿಗೆ ಮೆತ್ತಿಕೊಂಡು ಅದನ್ನು ನುಂಗಲು ಸುಲಭವಾಗಿಸುತ್ತವೆ. ನುಂಗಿದ ಬೀಜಾಣು ಒಂದು ಪೊರೆಚೀಲದಲ್ಲಿ ಸೆರೆಯಾಗುತ್ತದೆ, ಚೀಲದೊಳಕ್ಕೆ ಆಮ್ಲ ಮತ್ತು ಕರಗಿಸುವ ಕಿಣ್ವಗಳು ಸುರಿಯುತ್ತವೆ. ಬೀಜಾಣು ಸುಮ್ಮನಿರುವುದಿಲ್ಲ, ಅದರ ಮೆಲನಿನ್ ಆ ಚೀಲ ಪಕ್ವವಾಗದಂತೆ ತಡೆಯೊಡ್ಡುತ್ತದೆ. ರೈಜೋಪಸ್ ಬೀಜಾಣುಗಳಂತೂ ಭಕ್ಷಕ ಕೋಶದೊಳಗೆ ಸಾಯದೆ ದಿನಗಟ್ಟಲೆ ಉಳಿಯಬಲ್ಲವೆಂದೂ, ಅವು ಮೊಳೆಯದಂತೆ ನೋಡಿಕೊಳ್ಳುವುದು ಮುಖ್ಯವಾಗಿ ಆ ಕೋಶ ಕಬ್ಬಿಣಾಂಶವನ್ನು ಅವುಗಳಿಗೆ ಸಿಗದಂತೆ ಬಚ್ಚಿಡುವುದೇ ಎಂದೂ 2018ರಲ್ಲಿ ಪ್ರಕಟವಾದ, ಗ್ರೀಸಿನ ಕ್ರೀಟ್ ದ್ವೀಪದ ಸಂಶೋಧಕರ ಅಧ್ಯಯನ ತೋರಿಸಿತು. ಈ ಸಂಗತಿಯ ಮಹತ್ವ ಮುಂದೆ ಮಧುಮೇಹದ ಮಾತು ಬಂದಾಗ ತಿಳಿಯುತ್ತದೆ.

ಭಕ್ಷಕ ಕೋಶದ ಹಿಡಿತ ತಪ್ಪಿ ಬೀಜಾಣು ಮೊಳೆತರೆ ಅದರಿಂದ ಎಳೆಯೊಂದು ಚಾಚಿಕೊಳ್ಳುತ್ತದೆ. ಕವಲೊಡೆಯುತ್ತ ಉದ್ದವಾಗುವ ಆ ಎಳೆಯನ್ನು ಒಂದು ಕೋಶ ನುಂಗಲಾರದು. ಆಗ ಮ್ಯಾಕ್ರೊಫೇಜ್‌ಗಳೂ ಗೂಡಿನ ಗೋಡೆಯ ಕೋಶಗಳೂ ಹೊರಸೂಸುವ ರಾಸಾಯನಿಕ ಕರೆಗೆ ಓಗೊಟ್ಟು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಕೆಲವೇ ಗಂಟೆಗಳಲ್ಲಿ ಧಾವಿಸುತ್ತವೆ. ಮೂಳೆಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ತಯಾರಿಸುವ ಈ ಅಲ್ಪಾಯುಷಿ ಕಣಗಳು ಎಳೆಯನ್ನು ಸುತ್ತುವರಿದು, ಆಮ್ಲಜನಕದಿಂದ ಪಡೆದ ತೀಕ್ಷ್ಣ ರಾಸಾಯನಿಕಗಳನ್ನು ಅದರ ಮೇಲೆ ಸುರಿಯುತ್ತವೆ. ಸತು ಮತ್ತು ಕಬ್ಬಿಣವನ್ನು ಕಟ್ಟಿಹಾಕುವ ಪ್ರೋಟೀನುಗಳನ್ನು ಚೆಲ್ಲಿ ಅದಕ್ಕೆ ಆಹಾರವಿಲ್ಲದಂತೆ ಮಾಡುತ್ತವೆ. ಕೆಲವೊಮ್ಮೆ ತಮ್ಮದೇ ಡಿಎನ್‌ಎ ಎಳೆಗಳನ್ನು ಬಲೆಯಾಗಿ ಬೀಸಿ ತಾವು ಸಾಯುತ್ತವೆ. ಈ ತೀಕ್ಷ್ಣ ರಾಸಾಯನಿಕಗಳನ್ನು ಉತ್ಪಾದಿಸುವ ಕಿಣ್ವ ಹುಟ್ಟಿನಿಂದಲೇ ದೋಷಪೂರಿತವಾಗಿರುವ ಮಕ್ಕಳಲ್ಲಿ ಆಸ್ಪರ್ಜಿಲಸ್ ಸೋಂಕು ಮೇಲಿಂದ ಮೇಲೆ ಮರುಕಳಿಸುತ್ತದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ವೇಳೆ ನ್ಯೂಟ್ರೋಫಿಲ್‌ಗಳ ಎಣಿಕೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದು ಹಲವು ದಿನ ಹಾಗೆಯೇ ಉಳಿದ ರೋಗಿಗಳಲ್ಲೂ ಅದೇ ಅಪಾಯ. ಅಂಥವರನ್ನು ಸೋಸಿದ ಗಾಳಿಯ ಕೊಠಡಿಗಳಲ್ಲಿ ಇರಿಸುವುದೂ, ಆಸ್ಪತ್ರೆಯ ಬಳಿ ಕಟ್ಟಡ ಕಾಮಗಾರಿ ನಡೆಯುವಾಗ ದೂಳು ಒಳನುಗ್ಗದಂತೆ ತಡೆಗಟ್ಟುವುದೂ ಇದೇ ಕಾರಣಕ್ಕೆ.

ಮೂರನೆಯ ಹಂತ ನಿಧಾನವಾದುದು. ಶಿಲೀಂಧ್ರದ ತುಣುಕುಗಳನ್ನು ಹೊತ್ತ ಕೋಶಗಳು ದುಗ್ಧಗ್ರಂಥಿಗಳಿಗೆ ತೆರಳಿ ಅಲ್ಲಿನ ಟಿ-ಕೋಶಗಳೆಂಬ ಬಿಳಿರಕ್ತಕಣಗಳಿಗೆ ಅವನ್ನು ತೋರಿಸುತ್ತವೆ. ಹೀಗೆ ತರಬೇತಾದ ಟಿ-ಕೋಶಗಳಲ್ಲಿ ಒಂದು ಬಗೆಯವು ಭಕ್ಷಕ ಕೋಶಗಳ ಕೊಲ್ಲುವ ಶಕ್ತಿಯನ್ನು ಹೆಚ್ಚಿಸುತ್ತವೆ, ಮತ್ತೊಂದು ಬಗೆಯವು ನ್ಯೂಟ್ರೋಫಿಲ್‌ಗಳನ್ನು ಕರೆತರುತ್ತವೆ. ಈ ಹಂತದ ಬೆಲೆ ತಿಳಿಯುವುದು ಕ್ರಿಪ್ಟೊಕಾಕಸ್ ಎಂಬ ಯೀಸ್ಟಿನ ವಿಷಯದಲ್ಲಿ. ಪಾರಿವಾಳಗಳ ಒಣಗಿದ ಹಿಕ್ಕೆಯಲ್ಲಿ ಬೆಳೆಯುವ ಇದು ದೂಳಿನೊಡನೆ ಶ್ವಾಸಕೋಶ ಸೇರಿ, ಜಾರುವ ಸಕ್ಕರೆಯ ಕವಚ ತೊಟ್ಟುಕೊಂಡು ಭಕ್ಷಕ ಕೋಶಗಳಿಂದ ನುಣುಚಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಟಿ-ಕೋಶಗಳು ಅದರ ಸುತ್ತ ಕೋಶಗಳ ಗಂಟು ಕಟ್ಟಿಸಿ ಅದನ್ನು ಅಲ್ಲೇ ಬಂಧಿಸುತ್ತವೆ. ಎಚ್‌ಐವಿ ಸೋಂಕಿನಿಂದ ಆ ಕೋಶಗಳು ಕ್ಷೀಣಿಸಿದಾಗ ಬಂಧ ಸಡಿಲಗೊಂಡು ಯೀಸ್ಟು ಮೆದುಳಿಗೆ ಹರಡುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂಥ ಮೆದುಳುಪೊರೆಯ ಉರಿಯೂತವನ್ನು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ.

2021ರ ಬೇಸಿಗೆ

ಮೇಲೆ ಹೇಳಿದ ಮೂರೂ ಹಂತಗಳು ಒಟ್ಟಿಗೆ ಸಡಿಲಗೊಂಡರೆ ಏನಾಗುತ್ತದೆಯೆಂಬುದನ್ನು ಕೋವಿಡ್‌ನ ಎರಡನೆಯ ಅಲೆ ತೋರಿಸಿತು. ಕೋವಿಡ್‌ಗೆ ಮುನ್ನವೂ ಮ್ಯೂಕರ್‌ಮೈಕೋಸಿಸ್ ಭಾರತದಲ್ಲಿ ಬೇರೆ ದೇಶಗಳಿಗಿಂತ ಬಹಳ ಹೆಚ್ಚಾಗಿತ್ತು, ಹತೋಟಿಯಲ್ಲಿಲ್ಲದ ಮಧುಮೇಹವೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ದೇಶದ 16 ಆಸ್ಪತ್ರೆಗಳಲ್ಲಿ 2020ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ನಡೆದ ಅಧ್ಯಯನವೊಂದರಲ್ಲಿ 287 ರೋಗಿಗಳು ಪತ್ತೆಯಾದರು, ಅವರಲ್ಲಿ 187 ಮಂದಿಗೆ ಕೋವಿಡ್ ಬಂದಿತ್ತು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ ವರದಿಯಾದ ಪ್ರಕರಣಗಳ ಸಂಖ್ಯೆ 40 ಸಾವಿರ ದಾಟಿತು. ಕರ್ನಾಟಕದಲ್ಲಿ ಬೌರಿಂಗ್ ಆಸ್ಪತ್ರೆಯಲ್ಲದೆ ಮೈಸೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ ಮತ್ತು ಮಂಗಳೂರಿನ ಆಸ್ಪತ್ರೆಗಳಲ್ಲೂ ರೋಗಿಗಳು ದಾಖಲಾದರು.

ಇಂಥ ವಾರ್ಡುಗಳಲ್ಲಿ ರೋಗನಿರ್ಣಯದ ಮೊದಲ ಹೆಜ್ಜೆ ಸರಳವಾದುದು. ಕೆನ್ನೆಯಲ್ಲಿ ಜೋಮು, ಕಣ್ಣಿನ ಸುತ್ತ ಬಾವು, ಮೂಗಿನಿಂದ ಕಂದು ಬಣ್ಣದ ಸ್ರಾವ ಕಂಡುಬಂದ ರೋಗಿಯ ಮೂಗಿನೊಳಕ್ಕೆ ವೈದ್ಯರು ಎಂಡೋಸ್ಕೋಪ್ ಎಂಬ ಸಪುರವಾದ ದೀಪದ ನಳಿಕೆಯನ್ನು ಇಳಿಸಿ, ಕಪ್ಪಗೆ ಹೆಕ್ಕಳೆಗಟ್ಟಿದ ಅಂಗಾಂಶದ ಚೂರೊಂದನ್ನು ಕೆರೆದು ತೆಗೆಯುತ್ತಾರೆ. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿದರೆ ಮನುಷ್ಯನ ಕೋಶಗಳು ಕರಗಿ ಶಿಲೀಂಧ್ರದ ಎಳೆಗಳು ಮಾತ್ರ ಉಳಿಯುತ್ತವೆ. ಸೂಕ್ಷ್ಮದರ್ಶಕದಡಿ ಆ ಎಳೆಗಳು ಅಗಲವಾಗಿ, ರಿಬ್ಬನ್ನಿನಂತೆ ಮಡಿಚಿಕೊಂಡು, ಅಡ್ಡಗೋಡೆಗಳು ಅಪರೂಪವಾಗಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದಿದ್ದರೆ ಮ್ಯೂಕರ್‌ಮೈಕೋಸಿಸ್. ಸಪುರವಾಗಿ, ಸಾಲಾಗಿ ಅಡ್ಡಗೋಡೆಗಳಿದ್ದು, 45 ಡಿಗ್ರಿಯಷ್ಟು ಓರೆಯಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್ ಇರುವ ಸಂಭವ ಹೆಚ್ಚು. ಕಪ್ಪು ಬಣ್ಣ ಶಿಲೀಂಧ್ರದ್ದಲ್ಲ, ರಕ್ತ ಹರಿಯದೆ ಸತ್ತ ಅಂಗಾಂಶದ್ದು. ಈರುಳ್ಳಿಯ ಸಿಪ್ಪೆಯಡಿ ಕಾಣುವ ಕಪ್ಪು ಪುಡಿಯಿಂದ ಈ ಕಾಯಿಲೆ ಬರುತ್ತದೆಯೆಂದು ಆ ದಿನಗಳಲ್ಲಿ ಹಬ್ಬಿದ ಸುದ್ದಿಗೆ ಆಧಾರವಿರಲಿಲ್ಲ. ಅದು ಬೇರೆಯೇ ಆದ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು.

ಅಂಗಾಂಶ ಸಾಯುವುದೇಕೆ ಎಂಬುದನ್ನು ಪ್ರಯೋಗಾಲಯದ ಅಧ್ಯಯನಗಳು ವಿವರಿಸಿವೆ. ರೈಜೋಪಸ್‌ನ ಮೈಮೇಲಿರುವ ಕಾಟ್‌ಎಚ್ ಎಂಬ ಪ್ರೋಟೀನು, ರಕ್ತನಾಳದ ಒಳಗೋಡೆಯ ಕೋಶಗಳ ಮೇಲಿರುವ ಜಿಆರ್‌ಪಿ-78 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಒಳನುಗ್ಗುತ್ತದೆ. ಹಾನಿಗೊಂಡ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರಾಚೆಯ ಅಂಗಾಂಶಕ್ಕೆ ರಕ್ತವೂ ಇಲ್ಲ, ರಕ್ತದೊಡನೆ ಬರಬೇಕಾದ ನ್ಯೂಟ್ರೋಫಿಲ್‌ಗಳೂ ಔಷಧವೂ ಇಲ್ಲ. ರಕ್ತದಲ್ಲಿ ಸಕ್ಕರೆ, ಕಬ್ಬಿಣ ಮತ್ತು ಕೀಟೋನ್‌ಗಳು ಹೆಚ್ಚಿದಾಗ ಈ ಪ್ರೋಟೀನು ಮತ್ತು ಗ್ರಾಹಕ ಎರಡೂ ಹೆಚ್ಚುತ್ತವೆ. ಮಧುಮೇಹ ಕೈಮೀರಿ ರಕ್ತ ಆಮ್ಲೀಯವಾದಾಗ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಹಿಡಿತ ಸಡಿಲವಾಗಿ, ಭಕ್ಷಕ ಕೋಶಗಳು ಬಚ್ಚಿಡಲು ಹೆಣಗುತ್ತಿದ್ದ ಕಬ್ಬಿಣವೇ ಶಿಲೀಂಧ್ರಕ್ಕೆ ಧಾರಾಳವಾಗಿ ಸಿಗುತ್ತದೆ.

ಇದರ ಮೇಲೆ ಸ್ಟೀರಾಯ್ಡ್ ಸೇರಿತು. ಆಮ್ಲಜನಕದ ನೆರವು ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಗರಿಷ್ಠ ಹತ್ತು ದಿನ ಕೊಟ್ಟರೆ ಸಾವು ಕಡಿಮೆಯಾಗುತ್ತದೆಯೆಂದು 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಸಾಬೀತುಪಡಿಸಿತ್ತು. ಅದೇ ಔಷಧ ಅಗತ್ಯವಿಲ್ಲದವರಿಗೆ, ಹೆಚ್ಚಿನ ಪ್ರಮಾಣದಲ್ಲಿ, ಹೆಚ್ಚು ದಿನ ಬಳಕೆಯಾದ ಕಡೆಗಳಲ್ಲಿ ರಕ್ತದ ಸಕ್ಕರೆ ಏರಿತು ಮತ್ತು ಭಕ್ಷಕ ಕೋಶಗಳು ಮಂಕಾದವು. ಉರಿಯೂತವನ್ನು ಅಡಗಿಸಿ ಜೀವ ಉಳಿಸಿದ ಗುಣವೇ, ಅಳತೆ ಮೀರಿದಾಗ, ಬೀಜಾಣುವಿಗೆ ದಾರಿ ಬಿಟ್ಟುಕೊಟ್ಟಿತು.

ಅತಿಯಾದ ಸ್ಪಂದನೆ

ಕಾವಲು ಸಡಿಲವಾದಾಗ ಸೋಂಕು ಬರುವಂತೆ, ಅದು ಅತಿಯಾದಾಗಲೂ ಕಾಯಿಲೆ ಬರುತ್ತದೆ. ಟಿ-ಕೋಶಗಳಲ್ಲಿ ಮೂರನೆಯ ಬಗೆಯೊಂದಿದೆ. ಹೊಟ್ಟೆಹುಳುಗಳಂಥ ಪರೋಪಜೀವಿಗಳನ್ನು ಎದುರಿಸಲು ತಕ್ಕವಾದ ಇವು ಶಿಲೀಂಧ್ರದ ವಿರುದ್ಧ ಮೇಲುಗೈ ಪಡೆದರೆ, ಐಜಿಇ ಎಂಬ ಪ್ರತಿಕಾಯ ಮತ್ತು ಇಯೊಸಿನೋಫಿಲ್ ಎಂಬ ಬಿಳಿರಕ್ತಕಣಗಳು ಹೆಚ್ಚಿ, ಶ್ವಾಸನಾಳಗಳು ಬಿಗಿದುಕೊಂಡು ಲೋಳೆ ತುಂಬಿಕೊಳ್ಳುತ್ತದೆ. ಇದೇ ಅಲರ್ಜಿಯ ಆಸ್ತಮಾ. ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ 20 ಸಾವಿರ ಮಕ್ಕಳ ಮಾಹಿತಿ ಕಲೆಹಾಕಿ, ಅವರಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5ಕ್ಕೆ ಏರಿತೆಂದು ವರದಿ ಮಾಡಿದರು. ಈ ಏರಿಕೆಯಲ್ಲಿ ವಾಹನಗಳ ಹೊಗೆ ಮತ್ತು ನಗರೀಕರಣದ ಪಾಲು ದೊಡ್ಡದು; ಆದರೆ ಹೊಗೆಯಿಂದ ಕೆರಳಿದ ಶ್ವಾಸನಾಳಗಳಿಗೆ, ನಗರದ ತೇವದ ಗೋಡೆಗಳಿಂದ ಏಳುವ ಆಲ್ಟರ್ನೇರಿಯಾ, ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್‌ಗಳ ಬೀಜಾಣುಗಳು ಸುಲಭವಾಗಿ ಆಸ್ತಮಾದ ಪ್ರಚೋದಕಗಳಾಗಬಲ್ಲವು.

ಇದರ ತೀವ್ರ ರೂಪವನ್ನು 1952ರಲ್ಲಿ ಲಂಡನ್ನಿನ ವೈದ್ಯರು ಮೊದಲ ಬಾರಿಗೆ ವರ್ಣಿಸಿದರು. ಅದರಲ್ಲಿ ಆಸ್ಪರ್ಜಿಲಸ್ ಶ್ವಾಸನಾಳದ ಲೋಳೆಯಲ್ಲಿ ಬೆಳೆಯುತ್ತದೆಯೇ ಹೊರತು ಅಂಗಾಂಶವನ್ನು ಕೊರೆಯುವುದಿಲ್ಲ. ನಾಳಗಳನ್ನು ಹಿಗ್ಗಿಸಿ ಕೆಡಿಸುವುದು ಅದರ ವಿರುದ್ಧ ಎದ್ದ ಅಲರ್ಜಿಯೇ. ಭಾರತದಲ್ಲಿ ಇಂಥ ರೋಗಿಗಳು ಹಲವು ಸಲ ಕ್ಷಯವೆಂಬ ಶಂಕೆಯ ಮೇಲೆ ತಿಂಗಳುಗಟ್ಟಲೆ ತಪ್ಪು ಔಷಧ ನುಂಗಿದವರಾಗಿರುತ್ತಾರೆ. ಇವರಿಗೆ ಕೊಡುವ ಮುಖ್ಯ ಚಿಕಿತ್ಸೆ ಸ್ಟೀರಾಯ್ಡ್, ಅಂದರೆ 2021ರಲ್ಲಿ ಅಪಾಯ ತಂದ ಅದೇ ಔಷಧ. ಒಂದೇ ಬೀಜಾಣುವಿನ ಎದುರು ಒಬ್ಬ ರೋಗಿಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ, ಇನ್ನೊಬ್ಬರದನ್ನು ಎತ್ತಿ ನಿಲ್ಲಿಸಬೇಕಾಗುತ್ತದೆ. ರೋಗವೆಂಬುದು ಸೂಕ್ಷ್ಮಜೀವಿ ಮತ್ತು ದೇಹ ಎರಡರ ನಡುವಿನ ವ್ಯವಹಾರದ ಫಲ, ದೇಹದ ಸ್ಪಂದನೆ ತೀರ ದುರ್ಬಲವಾದರೂ ತೀರ ಪ್ರಬಲವಾದರೂ ಹಾನಿ ಉಂಟಾಗುತ್ತದೆ ಎಂದು ಅಮೆರಿಕದ ಆರ್ಟುರೊ ಕಾಸಾಡೆವಾಲ್ ಮತ್ತು ಲೀಸ್-ಆನ್ ಪಿರೋಫ್‌ಸ್ಕಿ 1999ರಲ್ಲಿ ಮಂಡಿಸಿದ ಸಿದ್ಧಾಂತಕ್ಕೆ ಶಿಲೀಂಧ್ರಗಳಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಚಿಕಿತ್ಸೆಯ ಮಿತಿ

ಶಿಲೀಂಧ್ರದ ಕೋಶರಚನೆ ಬ್ಯಾಕ್ಟೀರಿಯಾಗಳಿಗಿಂತ ಮನುಷ್ಯನ ಕೋಶಗಳಿಗೆ ಹತ್ತಿರವಾದುದರಿಂದ, ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಔಷಧಗಳು ಕೆಲವೇ ಇವೆ. ವೆನೆಜುವೆಲಾದ ಓರಿನೋಕೊ ನದಿ ಬಯಲಿನ ಮಣ್ಣಿನಿಂದ ಪಡೆದ ಬ್ಯಾಕ್ಟೀರಿಯಾವೊಂದರಲ್ಲಿ 1950ರ ದಶಕದಲ್ಲಿ ಪತ್ತೆಯಾದ ಆಂಫೊಟೆರಿಸಿನ್-ಬಿ ಇಂದಿಗೂ ಮ್ಯೂಕರ್‌ಮೈಕೋಸಿಸ್‌ಗೆ ಮೊದಲ ಔಷಧ. ಕಿಡ್ನಿಗೆ ಅದರಿಂದಾಗುವ ಹಾನಿಯನ್ನು ತಗ್ಗಿಸಲು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ಅಡಕಗೊಳಿಸಿದ ರೂಪವನ್ನು ಕಿಲೋ ದೇಹತೂಕಕ್ಕೆ ದಿನವೂ ಕನಿಷ್ಠ 5 ಮಿಲಿಗ್ರಾಂನಂತೆ ಕೊಡಬೇಕು. 60 ಕಿಲೋ ತೂಕದ ರೋಗಿಯೊಬ್ಬರಿಗೆ 50 ಮಿಲಿಗ್ರಾಂನ ಆರು ಸೀಸೆಗಳು ದಿನಕ್ಕೆ, ಅದೂ ವಾರಗಟ್ಟಲೆ. 2021ರ ಮೇ ತಿಂಗಳಿನಲ್ಲಿ ದೇಶದೆಲ್ಲೆಡೆ ಈ ಔಷಧಕ್ಕೆ ಬರ ಬಂದದ್ದು ಈ ಲೆಕ್ಕದಿಂದಲೇ ಅರ್ಥವಾಗುತ್ತದೆ. ಆಸ್ಪರ್ಜಿಲಸ್‌ಗೆ ಬಳಸುವ ಅಝೋಲ್ ವರ್ಗದ ಔಷಧಗಳ ವಿಷಯದಲ್ಲಿ ಬೇರೆ ತೊಡಕಿದೆ: ಅದೇ ವರ್ಗದ ರಾಸಾಯನಿಕಗಳನ್ನು ಹೊಲಗಳಲ್ಲಿ ಬೆಳೆಯ ರೋಗಗಳಿಗೆ ಸಿಂಪಡಿಸುವುದರಿಂದ, ಔಷಧಕ್ಕೆ ಬಗ್ಗದ ಬೀಜಾಣುಗಳು ಮಣ್ಣಿನಲ್ಲೇ ಹುಟ್ಟಿ ಗಾಳಿ ಸೇರುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮತ್ತು ಕ್ರಿಪ್ಟೊಕಾಕಸ್ ಅತ್ಯಂತ ಗಂಭೀರವಾದ ಮೊದಲ ಗುಂಪಿನಲ್ಲೂ, ಮ್ಯೂಕರ್‌ಮೈಕೋಸಿಸ್ ತರುವ ಗುಂಪು ಎರಡನೆಯದರಲ್ಲೂ ಇವೆ.

ಮನುಷ್ಯರಿಗೆಂದು ಪರವಾನಗಿ ಪಡೆದ ಶಿಲೀಂಧ್ರ ನಿರೋಧಕ ಲಸಿಕೆ ಇನ್ನೂ ಒಂದೂ ಇಲ್ಲ. ಹಾಗಾಗಿ ಸದ್ಯಕ್ಕೆ ತಡೆಗಟ್ಟುವಿಕೆಯ ಬಹುಪಾಲು ಕೆಲಸ ರೋಗಿಯ ದೇಹವನ್ನು ಅಳತೆಯಲ್ಲಿ ಇರಿಸುವುದೇ ಆಗಿದೆ: ಸ್ಟೀರಾಯ್ಡ್ ಪಡೆಯುವವರ ರಕ್ತದ ಸಕ್ಕರೆಯನ್ನು ದಿನವೂ ನೋಡುವುದು, ಆ ಔಷಧವನ್ನು ನಿಗದಿಯಾದ ದಿನಕ್ಕೆ ನಿಲ್ಲಿಸುವುದು, ನ್ಯೂಟ್ರೋಫಿಲ್‌ಗಳ ಎಣಿಕೆ ಇಳಿದವರನ್ನು ದೂಳಿನಿಂದ ದೂರವಿಡುವುದು, ಔಷಧಕ್ಕೆ ಬಗ್ಗದ ಆಸ್ತಮಾ ರೋಗಿಗಳಲ್ಲಿ ಆಸ್ಪರ್ಜಿಲಸ್ ಅಲರ್ಜಿಯನ್ನು ಕಾಲಕ್ಕೆ ಸರಿಯಾಗಿ ಪರೀಕ್ಷಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಶಿಲೀಂಧ್ರದ ಸೋಂಕು ಕಂಡೊಡನೆ ಔಷಧದ ಜೊತೆಗೇ, ಇಷ್ಟು ವರ್ಷ ಇದೇ ಗಾಳಿಯನ್ನು ಉಸಿರಾಡಿ ಚೆನ್ನಾಗಿದ್ದ ಈ ವ್ಯಕ್ತಿಯಲ್ಲಿ ಈಗ ಯಾವುದು ಬದಲಾಯಿತು ಎಂದು ಕೇಳುವುದನ್ನು ಪ್ರತಿಯೊಂದು ಆಸ್ಪತ್ರೆಯೂ ರೂಢಿಸಿಕೊಂಡರೆ, 2021ರ ಪಾಠದ ದೊಡ್ಡ ಭಾಗವನ್ನು ಕಲಿತಂತಾಗುತ್ತದೆ.